ಮೃದು ವಸ್ತು ವಿಜ್ಞಾನ: ಸಾರ್ವಜನಿಕ ಸಂಪರ್ಕ ಮತ್ತು ಸಹಭಾಗಿತ್ವದ ತರಬೇತಿ

ಪೀಠಿಕೆ

ಗಟ್ಟಿಯಾದ ಘನವೂ ಅಲ್ಲದ, ನೀರಿನಂತಹ ಸರಳ ದ್ರವವೂ ಅಲ್ಲದ, ಅಲ್ಪ ಬಲಕ್ಕೇ ಆಕಾರ ಬದಲಿಸುವ ಪದಾರ್ಥಗಳನ್ನು ಮೃದು ವಸ್ತುಗಳೆಂದು ಕರೆಯಲಾಗುತ್ತದೆ. ಹಾಲು, ಮೊಸರು, ಸಾಬೂನಿನ ನೊರೆ, ಗೋಡೆಯ ಬಣ್ಣ, ಅಂಟು, ರಬ್ಬರು, ಜೀವಕೋಶದ ಪೊರೆ ಹಾಗೂ ದೂರದರ್ಶನದ ಪರದೆಗಳಲ್ಲಿ ಬಳಸುವ ದ್ರವ ಸ್ಫಟಿಕಗಳು ಈ ವರ್ಗಕ್ಕೆ ಸೇರುತ್ತವೆ. ಇವುಗಳ ಆಂತರಿಕ ರಚನೆಯು ಅಣುವಿಗಿಂತ ದೊಡ್ಡದಾಗಿದ್ದು, ಬಹುಪಾಲು ಒಂದು ನ್ಯಾನೋಮೀಟರ್‌ನಿಂದ ಕೆಲವು ಮೈಕ್ರೋಮೀಟರ್‌ಗಳವರೆಗಿನ ಗಾತ್ರದಲ್ಲಿ ಕಂಡುಬರುತ್ತದೆ. ಈ ರಚನೆಯನ್ನು ಹಿಡಿದಿಡುವ ಬಲಗಳು ದುರ್ಬಲವಾಗಿರುವುದರಿಂದ ಉಷ್ಣತೆ, ಆಮ್ಲೀಯತೆ ಅಥವಾ ವಿದ್ಯುತ್ ಕ್ಷೇತ್ರದ ಸಣ್ಣ ವ್ಯತ್ಯಾಸವೂ ವಸ್ತುವಿನ ಗುಣವನ್ನೇ ಬದಲಿಸಬಲ್ಲದು. ಹೆಪ್ಪು ಹಾಕಿದ ಹಾಲಿನಲ್ಲಿ ಆಮ್ಲೀಯತೆ ಹೆಚ್ಚಿದಂತೆ ಕೇಸೀನ್ ಎಂಬ ಪ್ರೋಟೀನಿನ ಕಣಗಳು ಒಂದಕ್ಕೊಂದು ಅಂಟಿಕೊಂಡು ಜಾಲವಾಗಿ ನೀರನ್ನು ಹಿಡಿದಿಡುವುದು ಇದಕ್ಕೆ ಮನೆಮನೆಯ ಉದಾಹರಣೆಯಾಗಿದೆ.

ಸಾರ್ವಜನಿಕ ಸಂಪರ್ಕದ ಅಗತ್ಯ

ಈ ವಿಜ್ಞಾನದ ವಿದ್ಯಮಾನಗಳು ಅಡುಗೆಮನೆಯಲ್ಲಿಯೇ ಲಭ್ಯವಿದ್ದರೂ ಅವುಗಳನ್ನು ವಿವರಿಸುವ ಜ್ಞಾನವು ಪ್ರಯೋಗಾಲಯದ ಒಳಗೇ ಉಳಿಯುವುದುಂಟು. ಅದರಿಂದ ಆಗುವ ನಷ್ಟವನ್ನು ಜರ್ಮನಿಯ ಆಗ್ನೆಸ್ ಪೋಕೆಲ್ಸ್ ಅವರ ಜೀವನವು ಸೂಚಿಸುತ್ತದೆ. ವಿಶ್ವವಿದ್ಯಾಲಯದ ಶಿಕ್ಷಣ ದೊರೆಯದ ಅವರು ಮನೆವಾರ್ತೆಯ ನಡುವೆ, ತಾವೇ ರೂಪಿಸಿದ ತೊಟ್ಟಿಯಲ್ಲಿ ನೀರಿನ ಮೇಲ್ಮೈ ಎಳೆತವನ್ನು ಅಳೆದರು. 1891ರಲ್ಲಿ ತಮ್ಮ ಫಲಿತಾಂಶಗಳನ್ನು ಇಂಗ್ಲೆಂಡಿನ ವಿಜ್ಞಾನಿ ಲಾರ್ಡ್ ರ‍್ಯಾಲೆ ಅವರಿಗೆ ಪತ್ರದ ಮೂಲಕ ತಿಳಿಸಿದರು. ರ‍್ಯಾಲೆಯವರ ಶಿಫಾರಸಿನಿಂದ ಅದೇ ವರ್ಷ ಆ ಪತ್ರವು 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಅವರ ತೊಟ್ಟಿಯ ವಿಧಾನವೇ ಮುಂದೆ ಏಕಾಣುಪದರಗಳ ಅಧ್ಯಯನಕ್ಕೆ ಆಧಾರವಾಯಿತು. ಆ ಪತ್ರಕ್ಕೆ ಉತ್ತರ ಬಾರದೇ ಹೋಗಿದ್ದರೆ ಆ ಕೆಲಸ ಹೊರಜಗತ್ತಿಗೆ ತಿಳಿಯುವುದು ದುಸ್ತರವಾಗುತ್ತಿತ್ತು. ಪ್ರತಿಭೆಯು ಸಂಸ್ಥೆಗಳ ಹೊರಗೂ ಇರುತ್ತದೆ. ಅದನ್ನು ತಲುಪುವ ಹೊಣೆ ಸಂಸ್ಥೆಗಳದ್ದು.

ಮೃದು ವಸ್ತು ವಿಜ್ಞಾನದಲ್ಲಿನ ಕೆಲಸಕ್ಕಾಗಿ 1991ರ ಭೌತಶಾಸ್ತ್ರ ನೊಬೆಲ್ ಪ್ರಶಸ್ತಿ ಪಡೆದ ಫ್ರಾನ್ಸ್ ದೇಶದ ಪಿಯರ್ ಜಿಲ್ ದ ಜೆನ್ ಅವರು ಈ ಹೊಣೆಯನ್ನು ಸ್ವತಃ ವಹಿಸಿಕೊಂಡರು. ಪ್ರಶಸ್ತಿಯ ನಂತರ, 1992ರಿಂದ 1994ರ ಅವಧಿಯಲ್ಲಿ, ಅವರು ಸುಮಾರು 200 ಪ್ರೌಢಶಾಲೆಗಳಿಗೆ ಭೇಟಿ ನೀಡಿ ವಿದ್ಯಾರ್ಥಿಗಳೊಂದಿಗೆ ಸಂವಾದ ನಡೆಸಿದರು.

ಕರ್ನಾಟಕದ ಕೊಡುಗೆ

ಕರ್ನಾಟಕದಲ್ಲಿ ದ್ರವ ಸ್ಫಟಿಕಗಳ ಸಂಶೋಧನೆಗೆ ನೆಲೆ ಒದಗಿಸಿದವರು ಪ್ರೊ. ಎಸ್. ಚಂದ್ರಶೇಖರ್. 1961ರಿಂದ ಮೈಸೂರು ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗವನ್ನು ಮುನ್ನಡೆಸಿದ ಅವರು, 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ದ್ರವ ಸ್ಫಟಿಕ ಪ್ರಯೋಗಾಲಯವನ್ನು ಆರಂಭಿಸಿದರು. ಅಲ್ಲಿಯವರೆಗೆ ದ್ರವ ಸ್ಫಟಿಕಗಳು ಉದ್ದನೆಯ ಕಡ್ಡಿಯಾಕಾರದ ಅಣುಗಳಿಂದಲೇ ಉಂಟಾಗುತ್ತವೆ ಎಂಬ ಭಾವನೆ ಪ್ರಚಲಿತವಾಗಿತ್ತು. 1977ರಲ್ಲಿ ಚಂದ್ರಶೇಖರ್, ಬಿ. ಕೆ. ಸದಾಶಿವ ಮತ್ತು ಕೆ. ಎ. ಸುರೇಶ್ ಅವರು ಬಿಲ್ಲೆಯಾಕಾರದ ಅಣುಗಳೂ ನಾಣ್ಯಗಳನ್ನು ಪೇರಿಸಿದಂತೆ ಕಂಬಗಳಾಗಿ ಜೋಡಣೆಗೊಂಡು ದ್ರವ ಸ್ಫಟಿಕವಾಗುತ್ತವೆ ಎಂಬುದನ್ನು ತೋರಿಸಿದರು. ಈ ಲೇಖನವು ಬೆಂಗಳೂರಿನಿಂದಲೇ ಹೊರಡುವ 'ಪ್ರಮಾಣ' ಪತ್ರಿಕೆಯಲ್ಲಿ ಪ್ರಕಟವಾಯಿತು. ಬಿಲ್ಲೆಯಾಕಾರದ ಅಣುಗಳಿಂದ ತಯಾರಿಸಿದ ತೆಳುಪದರಗಳು ಮುಂದೆ ದ್ರವ ಸ್ಫಟಿಕ ಪರದೆಗಳನ್ನು ಓರೆಯಿಂದಲೂ ಸ್ಪಷ್ಟವಾಗಿ ನೋಡಲು ನೆರವಾದವು.

1991ರಲ್ಲಿ ಚಂದ್ರಶೇಖರ್ ಅವರು ಬೆಂಗಳೂರಿನಲ್ಲಿ ದ್ರವ ಸ್ಫಟಿಕ ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದರು. ಜಾಲಹಳ್ಳಿಯಲ್ಲಿ ಬೆಳೆದ ಆ ಸಂಸ್ಥೆಯು ಇಂದು ನ್ಯಾನೋ ಮತ್ತು ಮೃದು ವಸ್ತು ವಿಜ್ಞಾನಗಳ ಕೇಂದ್ರ ಎಂಬ ಹೆಸರಿನಲ್ಲಿ, ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಸ್ವಾಯತ್ತ ಸಂಸ್ಥೆಯಾಗಿ ಕಾರ್ಯನಿರ್ವಹಿಸುತ್ತಿದೆ.

ಸಹಭಾಗಿತ್ವದ ತರಬೇತಿ

1977ರ ಆವಿಷ್ಕಾರದಲ್ಲಿ ಒಂದು ಪಾಠವಿದೆ. ಅಣುವನ್ನು ಸಂಶ್ಲೇಷಿಸಿ ಶುದ್ಧೀಕರಿಸಲು ರಸಾಯನಶಾಸ್ತ್ರವೂ, ಅದರ ರಚನೆಯನ್ನು ಸೂಕ್ಷ್ಮದರ್ಶಕ ಹಾಗೂ ಕ್ಷ-ಕಿರಣಗಳಿಂದ ನಿರ್ಧರಿಸಲು ಭೌತಶಾಸ್ತ್ರವೂ ಬೇಕಾಯಿತು. ಪದವಿ ತರಗತಿಗಳಲ್ಲಿ ಈ ವಿಷಯಗಳನ್ನು ಪ್ರತ್ಯೇಕವಾಗಿ ಬೋಧಿಸಲಾಗುತ್ತದೆ. ಆದುದರಿಂದ ಬೇರೆ ಬೇರೆ ವಿಭಾಗಗಳ ವಿದ್ಯಾರ್ಥಿಗಳು ಒಂದೇ ಮೇಜಿನ ಮುಂದೆ ಕೆಲಸ ಮಾಡುವ ತರಬೇತಿಯು ಈ ಕ್ಷೇತ್ರಕ್ಕೆ ಅನಿವಾರ್ಯವಾಗಿದೆ. ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಬೇಸಿಗೆ ಸಂಶೋಧನಾ ಶಿಷ್ಯವೇತನ ಮತ್ತು ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಜಂಟಿಯಾಗಿ ನೀಡುವ ಬೇಸಿಗೆ ಶಿಷ್ಯವೇತನಗಳು ಕಾಲೇಜು ವಿದ್ಯಾರ್ಥಿಗಳಿಗೆ ಸಂಶೋಧನಾಲಯದ ಅನುಭವ ಪಡೆಯುವ ಮಾರ್ಗಗಳಾಗಿವೆ. ಅಕಾಡೆಮಿಗಳ ಯೋಜನೆಯಲ್ಲಿ ಅಧ್ಯಾಪಕರಿಗೂ ಅವಕಾಶವಿದೆ. ಒಬ್ಬ ಅಧ್ಯಾಪಕರು ಪಡೆದ ತರಬೇತಿಯ ಪ್ರಯೋಜನವು ವರ್ಷವರ್ಷವೂ ಹೊಸ ತರಗತಿಗಳಿಗೆ ದೊರೆಯುತ್ತದೆ.

ಶಾಲೆಗಳಲ್ಲಿ ಕೈಗೊಳ್ಳಬಹುದಾದ ಪ್ರಯೋಗಗಳು

1. ದ್ರವ ಸ್ಫಟಿಕ ಪರದೆಯಿಂದ ಹೊರಬರುವ ಬೆಳಕು ಧ್ರುವೀಕೃತವಾಗಿರುತ್ತದೆ. ಬಿಳಿಯಾಗಿ ಬೆಳಗುವ ಪರದೆಯ ಮುಂದೆ ಪಾರದರ್ಶಕ ಪ್ಲಾಸ್ಟಿಕ್ ಅಳತೆಪಟ್ಟಿಯನ್ನು ಹಿಡಿದು ಪೋಲರಾಯ್ಡ್ ಹಾಳೆಯ ಮೂಲಕ ನೋಡಿದಲ್ಲಿ ಬಣ್ಣದ ಪಟ್ಟೆಗಳು ಗೋಚರಿಸುತ್ತವೆ. ಅಚ್ಚು ಹೊಯ್ಯುವಾಗ ಪ್ಲಾಸ್ಟಿಕ್‌ನಲ್ಲಿ ಉಳಿದ ಒತ್ತಡವೇ ಇದಕ್ಕೆ ಕಾರಣ.

2. ಜೋಳದ ಪಿಷ್ಟದ ಪುಡಿಯನ್ನು ಸ್ವಲ್ಪ ನೀರಿನಲ್ಲಿ ಗಟ್ಟಿಯಾಗಿ ಕಲಸಿ, ಮೆಲ್ಲಗೆ ಬೆರಳಿಟ್ಟರೆ ಅದು ದ್ರವದಂತೆ ದಾರಿ ಬಿಡುತ್ತದೆ. ರಭಸದಿಂದ ಗುದ್ದಿದರೆ ಘನದಂತೆ ತಡೆಯುತ್ತದೆ. ರಭಸಕ್ಕೆ ಸಿಕ್ಕ ಕಣಗಳು ಪರಸ್ಪರ ಒತ್ತಿಕೊಂಡು ಚಲನೆಯನ್ನು ತಡೆಯುತ್ತವೆ.

3. ನೀರಿನ ಮೇಲೆ ಕಾಳುಮೆಣಸಿನ ಪುಡಿ ಉದುರಿಸಿ ನಡುವೆ ಸಾಬೂನಿನ ಹನಿ ಬಿಟ್ಟಲ್ಲಿ ಪುಡಿಯು ಅಂಚಿಗೆ ಸರಿಯುತ್ತದೆ. ಸಾಬೂನು ಮೇಲ್ಮೈ ಎಳೆತವನ್ನು ತಗ್ಗಿಸುವುದನ್ನು ಇದು ತೋರಿಸುತ್ತದೆ.

ಕನ್ನಡ ಮಾಧ್ಯಮ ಮತ್ತು ಗ್ರಾಮೀಣ ವಿದ್ಯಾರ್ಥಿಗಳು

ಮೇಲಿನ ಪ್ರಯೋಗಗಳಿಗೆ ದುಬಾರಿ ಉಪಕರಣಗಳ ಅಗತ್ಯವಿಲ್ಲ. ಆದರೆ ಕಂಡದ್ದನ್ನು ವಿವರಿಸುವ ಮಾತು ವಿದ್ಯಾರ್ಥಿಯ ಭಾಷೆಯಲ್ಲಿರಬೇಕು. ಕೇವಲ ಪ್ರದರ್ಶನ ನೀಡಿ ಹಿಂದಿರುಗುವ ಭೇಟಿಗಿಂತ, ವಿದ್ಯಾರ್ಥಿಗಳೇ ಪ್ರಯೋಗ ಮಾಡಿ, ಪ್ರಶ್ನೆ ಕೇಳಿ, ನಂತರವೂ ವಿಜ್ಞಾನಿಗಳೊಂದಿಗೆ ಪತ್ರವ್ಯವಹಾರ ಮುಂದುವರಿಸುವ ವ್ಯವಸ್ಥೆಯು ಹೆಚ್ಚು ಫಲಕಾರಿ. ಫೆಬ್ರವರಿ 28ರ ರಾಷ್ಟ್ರೀಯ ವಿಜ್ಞಾನ ದಿನಾಚರಣೆಯು ಇಂತಹ ಸಂಪರ್ಕವನ್ನು ಆರಂಭಿಸಲು ಸೂಕ್ತ ಸಂದರ್ಭವಾಗಿದ್ದು, ಅದು ಆ ಒಂದು ದಿನಕ್ಕೆ ಸೀಮಿತವಾಗಬಾರದು. ಶಾಲೆಯಿಂದ ಬರುವ ಪ್ರತಿಯೊಂದು ಪ್ರಶ್ನೆಗೂ ಉತ್ತರ ತಲುಪಿದಾಗ ಮಾತ್ರ ಸಾರ್ವಜನಿಕ ಸಂಪರ್ಕದ ಉದ್ದೇಶವು ಈಡೇರುತ್ತದೆ.