ಮಗು ಯಾರ ಸುಪರ್ದಿಗೆ?

ಬೀದರ ನಗರದ ಗಾಂಧಿ ಗಂಜ ಕಾಳುಕಡಿ ವ್ಯಾಪಾರಕ್ಕೆ ಹೆಸರಾದ ಪ್ರದೇಶ. ಜಿಲ್ಲೆಗೆ ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ. ಹೀಗಾಗಿ ಸರಕಿನಂತೆ ನೆಂಟಸ್ತಿಕೆಯೂ ಇಲ್ಲಿ ಗಡಿ ದಾಟುತ್ತದೆ. ಉದಗೀರದಿಂದ ಹೆಣ್ಣು ತಂದವರೂ ಜಹೀರಾಬಾದಿಗೆ ಹೆಣ್ಣು ಕೊಟ್ಟವರೂ ಈ ಭಾಗದಲ್ಲಿ ಅಪರೂಪವಲ್ಲ. ಇಂಥ ಸಂಸಾರವೊಂದು ಮುರಿದುಬಿದ್ದು, ತಾಯಿ ಮಗುವನ್ನು ಎತ್ತಿಕೊಂಡು ತವರಿಗೆ ಹೋದರೆ ಎರಡು ಪ್ರಶ್ನೆಗಳು ಏಳುತ್ತವೆ. ಮಗು ಯಾರ ಬಳಿ ಇರಬೇಕು? ಅದನ್ನು ಯಾವ ಊರಿನ ನ್ಯಾಯಾಲಯ ತೀರ್ಮಾನಿಸಬೇಕು?

ಎರಡನೆಯ ಪ್ರಶ್ನೆಗೆ ಉತ್ತರ ಸುಲಭ. 1890ರ ಪಾಲಕರು ಮತ್ತು ಪಾಲಿತರ ಕಾಯ್ದೆಯ ಪ್ರಕಾರ, ಮಗು ಸಾಮಾನ್ಯವಾಗಿ ಎಲ್ಲಿ ವಾಸವಾಗಿದೆಯೋ ಆ ಊರಿನ ನ್ಯಾಯಾಲಯಕ್ಕೆ ಅಧಿಕಾರವಿದೆ. ನಾಲ್ಕು ದಿನದ ಮಟ್ಟಿಗೆ ಬೇರೆ ಊರಿಗೆ ಕರೆದೊಯ್ದ ಮಾತ್ರಕ್ಕೆ ಅದು ಬದಲಾಗದು. ಮೊದಲನೆಯ ಪ್ರಶ್ನೆಗೆ ಮಾತ್ರ ಉತ್ತರ ಹುಡುಕಲು ಕಾನೂನು ನೂರು ವರ್ಷಕ್ಕೂ ಹೆಚ್ಚು ಕಾಲ ನಡೆಯಬೇಕಾಯಿತು.

‘ಸುಪರ್ದಿ’ ಎಂಬ ಮಾತು ಪಾರಸಿ ಮೂಲದ್ದು. ಒಪ್ಪಿಸುವುದು ಎಂದು ಅದರ ಅರ್ಥ. ಉರ್ದು ನ್ಯಾಯಾಲಯದ ಭಾಷೆಯಾಗಿದ್ದ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಬೀದರ 1948ರವರೆಗೆ ಇತ್ತು. ಬ್ರಿಟಿಷ್ ಇಂಡಿಯಾದ ಕಾಯ್ದೆಗಳು ಅಲ್ಲಿ ತಾವಾಗಿಯೇ ಅನ್ವಯಿಸುತ್ತಿರಲಿಲ್ಲ. ದೇಶದ ಇತರೆಡೆ 1890ರಿಂದಲೇ ಇದ್ದ ಪಾಲಕರ ಕಾಯ್ದೆ ಈ ಭಾಗಕ್ಕೆ ವಿಸ್ತರಿಸಿದ್ದು 1951ರಲ್ಲಿ.

ಅದಕ್ಕೂ ಮೊದಲು ಮಕ್ಕಳ ವಿಷಯವನ್ನು ಬಹುಮಟ್ಟಿಗೆ ಧರ್ಮ, ಪದ್ಧತಿಗಳೇ ನಿರ್ಧರಿಸುತ್ತಿದ್ದವು. ಉತ್ತರ ಕರ್ನಾಟಕದ ಹಲವು ಸಮುದಾಯಗಳಲ್ಲಿ ಬಿಡುಗಡೆಯೂ ‘ಉಡಿಕೆ’ ಎಂಬ ಮರುಮದುವೆಯೂ ರೂಢಿಯಲ್ಲಿದ್ದವು. ಆದರೆ ಹೆಣ್ಣು ಹೊಸ ಮನೆ ಸೇರಿದರೆ ಮೊದಲ ಗಂಡನಿಂದಾದ ಮಕ್ಕಳು ಸಾಮಾನ್ಯವಾಗಿ ಅವನ ಮನೆತನದಲ್ಲೇ ಉಳಿಯುತ್ತಿದ್ದರು. ಮುಸ್ಲಿಮರ ಹನಫಿ ಪದ್ಧತಿಯಲ್ಲಿ ‘ಹಿಜಾನತ್’ ಎಂಬ ಹಕ್ಕು ತಾಯಿಗಿತ್ತು: ಗಂಡುಮಗು ಏಳು ವರ್ಷದವರೆಗೆ, ಹೆಣ್ಣುಮಗು ಪ್ರಾಯಕ್ಕೆ ಬರುವವರೆಗೆ ಅವಳ ಆರೈಕೆಯಲ್ಲಿ. ಮಗುವಿನ ಆಸ್ತಿಪಾಸ್ತಿಯ ಮೇಲಿನ ಅಧಿಕಾರ ಮಾತ್ರ ತಂದೆಯದೇ.

ಇಂಗ್ಲೆಂಡಿನಲ್ಲಿ ಆಗ ತಾಯಿಗೆ ಅಷ್ಟೂ ಇರಲಿಲ್ಲ. ಗಂಡನಿಂದ ದೂರವಾದ ಲೇಖಕಿ ಕ್ಯಾರೊಲಿನ್ ನಾರ್ಟನ್ ತನ್ನ ಮೂವರು ಗಂಡುಮಕ್ಕಳನ್ನು ಕಳೆದುಕೊಂಡು ಹೋರಾಟಕ್ಕಿಳಿದಳು. ಅದರ ಫಲವಾಗಿ 1839ರಲ್ಲಿ ಬಂದ ಕಾನೂನು, ಏಳು ವರ್ಷದೊಳಗಿನ ಮಕ್ಕಳನ್ನು ತನಗೊಪ್ಪಿಸಬೇಕೆಂದು ತಾಯಿ ನ್ಯಾಯಾಲಯವನ್ನು ಕೇಳಬಹುದು ಎಂದಿತು.

ಭಾರತದ 1890ರ ಕಾಯ್ದೆಯಲ್ಲಿ ಹಳೆಯದು, ಹೊಸದು ಎರಡೂ ಬೆರೆತಿದ್ದವು. ಪಾಲಕರನ್ನು ನೇಮಿಸುವಾಗ ಮಗುವಿನ ಕ್ಷೇಮ, ವಯಸ್ಸು, ತಿಳಿವಳಿಕೆ ಬಂದಿದ್ದರೆ ಅದರ ಇಷ್ಟ ಇವನ್ನೆಲ್ಲ ನೋಡಬೇಕೆಂದು ಅದು ಹೇಳಿತು. ಜೊತೆಗೆ, ತಂದೆ ಬದುಕಿದ್ದು ಅನರ್ಹನಲ್ಲದಿದ್ದರೆ ಬೇರೊಬ್ಬ ಪಾಲಕರನ್ನು ನೇಮಿಸುವಂತಿಲ್ಲ ಎಂದೂ ಕಟ್ಟುಹಾಕಿತು. ಈ ಮಾತಿಗೆ ‘ತಾಯಿ’ ಎಂಬ ಪದ ಸೇರಿದ್ದು 2010ರ ತಿದ್ದುಪಡಿಯಲ್ಲಿ.

1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆಯನ್ನು ಅರಿಯಲು ಎರಡು ಮಾತುಗಳ ವ್ಯತ್ಯಾಸ ತಿಳಿದಿರಬೇಕು. ಸುಪರ್ದಿ ಎಂದರೆ ಮಗು ಯಾರ ಬಳಿ ಇದ್ದು ಉಂಡು, ಮಲಗಿ, ಶಾಲೆಗೆ ಹೋಗುತ್ತದೆ ಎಂಬುದು. ಪಾಲಕತ್ವ ಎಂದರೆ ಮಗುವಿನ ಪರವಾಗಿ ಸಹಿ ಹಾಕುವ, ಅದರ ಆಸ್ತಿಯನ್ನು ನೋಡಿಕೊಳ್ಳುವ ಅಧಿಕಾರ. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂದ ಈ ಕಾಯ್ದೆ, ಸಹಜ ಪಾಲಕ ತಂದೆ, ಅವನ ‘ನಂತರ’ ತಾಯಿ ಎಂದಿತು. ಸಾಕುವವಳು ಒಬ್ಬಳು, ಸಹಿ ಹಾಕುವವನು ಇನ್ನೊಬ್ಬ. ಮಗುವಿನ ಹೆಸರಿನಲ್ಲಿ ಭಾಲ್ಕಿಯಲ್ಲಿ ಎರಡೆಕರೆ ಹೊಲವಿದ್ದರೆ ಈ ವ್ಯತ್ಯಾಸ ಬೇಗ ಅರಿವಿಗೆ ಬರುತ್ತದೆ. ನ್ಯಾಯಾಲಯದ ಅನುಮತಿ ಇಲ್ಲದೆ ಅಂಥ ಹೊಲವನ್ನು ಸಹಜ ಪಾಲಕರೂ ಮಾರುವಂತಿಲ್ಲ.

‘ನಂತರ’ ಎಂಬ ಒಂದೇ ಪದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಲೇಖಕಿ ಗೀತಾ ಹರಿಹರನ್ ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕಿನ ಬಾಂಡ್ ಕೊಳ್ಳಲು ಪಾಲಕಿಯಾಗಿ ಸಹಿ ಹಾಕಿದಾಗ, ತಂದೆಯ ಸಹಿ ಬೇಕೆಂಬ ಉತ್ತರ ಬಂದಿತ್ತು. 1999ರಲ್ಲಿ ಕೋರ್ಟು, ‘ನಂತರ’ ಎಂದರೆ ತಂದೆ ಸತ್ತ ಮೇಲೆ ಎಂದಷ್ಟೇ ಅಲ್ಲ, ಅವನು ಇಲ್ಲದಿರುವಾಗ ಎಂದೂ ತಿಳಿಯಬೇಕು ಎಂದಿತು. ತಂದೆ ಮಗುವಿನ ಬಗ್ಗೆ ಉದಾಸೀನನಾಗಿದ್ದರೂ ತಾಯಿಯೇ ಸಹಜ ಪಾಲಕಿ.

ಇದಕ್ಕೂ ಮುಂಚೆ, 1973ರ ರೋಸಿ ಜೇಕಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇನ್ನೂ ಮೂಲಭೂತವಾದ ಮಾತು ಹೇಳಿತ್ತು. ಮಕ್ಕಳು ತಂದೆತಾಯಿಗಳ ಸ್ವತ್ತಲ್ಲ. ಸುಪರ್ದಿಯ ಆದೇಶ ಎಂದಿಗೂ ಕಡೆಯ ಮಾತಲ್ಲ, ಮಗುವಿನ ಪರಿಸ್ಥಿತಿ ಬದಲಾದರೆ ಅದನ್ನೂ ಬದಲಿಸಬಹುದು.

ಕರ್ನಾಟಕ ಹೈಕೋರ್ಟು 2013ರಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಹನ್ನೆರಡು ವರ್ಷದ ಹುಡುಗನೊಬ್ಬ ಜನವರಿಯಿಂದ ಜೂನ್‌ವರೆಗೆ ತಂದೆಯ ಬಳಿ, ಜುಲೈಯಿಂದ ಡಿಸೆಂಬರ್‌ವರೆಗೆ ತಾಯಿಯ ಬಳಿ ಇರಬೇಕು. ಒಬ್ಬರ ಬಳಿ ಇರುವಾಗ ಇನ್ನೊಬ್ಬರು ವಾರಾಂತ್ಯದಲ್ಲಿ ಬಂದು ನೋಡಬಹುದು ಎಂದು ಅದು ಆದೇಶಿಸಿತು. ಇಂಥ ಜಂಟಿ ಸುಪರ್ದಿಗೆ ಕಾಯ್ದೆಯಲ್ಲೇ ಜಾಗ ಕೊಡಬೇಕೆಂದು ಕಾನೂನು ಆಯೋಗ 2015ರಲ್ಲಿ ಶಿಫಾರಸು ಮಾಡಿತು. ಅಪ್ಪ ಅಮ್ಮ ಒಂದೇ ಊರಿನಲ್ಲಿದ್ದರೆ ಈ ಏರ್ಪಾಡು ನಡೆದೀತು. ಒಬ್ಬರು ಗಾಂಧಿ ಗಂಜದಲ್ಲಿ, ಇನ್ನೊಬ್ಬರು ಗಡಿಯಾಚೆ ಇದ್ದರೆ ವರ್ಷದ ನಡುವೆ ಶಾಲೆ ಬದಲು, ಕೆಲವೊಮ್ಮೆ ಪಾಠದ ಭಾಷೆಯೂ ಬದಲು. ಅಂಥಲ್ಲಿ ಶಾಲೆ ನಡೆಯುವಾಗ ಒಬ್ಬರ ಬಳಿ, ರಜೆಯಲ್ಲಿ ಇನ್ನೊಬ್ಬರ ಬಳಿ ಎಂಬ ಏರ್ಪಾಡೇ ಮಗುವಿಗೆ ಹಗುರ. ನಡುವೆ ದೂರವಾಣಿಯಲ್ಲಿ ಮಾತಾಡಲು, ವಿಡಿಯೊ ಕರೆಯಲ್ಲಿ ಮುಖ ನೋಡಲು ನ್ಯಾಯಾಲಯಗಳು ಅವಕಾಶ ಕೊಡುತ್ತವೆ.

ಮಗು ಬಳಿಯಲ್ಲಿಲ್ಲ ಎಂಬ ಕಾರಣಕ್ಕೆ ಅದರ ಜೀವನಾಂಶ ಕೊಡುವ ಹೊಣೆ ತಪ್ಪುವುದಿಲ್ಲ. ವಕೀಲರಿಗೆ ಕೊಡಲು ಹಣವಿಲ್ಲದ ತಾಯಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಬಾಗಿಲು ತಟ್ಟಬಹುದು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಮಹಿಳೆಯರಿಗೂ ಮಕ್ಕಳಿಗೂ ಆದಾಯದ ಮಿತಿ ಇಲ್ಲದೆ ಉಚಿತ ನೆರವು ಸಿಗುತ್ತದೆ.

ಮಗು ಯಾರಿಗೆ ಸೇರಿದ್ದು ಎಂದು ಹಿಂದಿನ ಕಾನೂನು ಕೇಳುತ್ತಿತ್ತು. ಮಗುವಿಗೆ ಏನು ಸೇರಬೇಕು ಎಂದು ಇಂದಿನ ನ್ಯಾಯಾಲಯ ಕೇಳುತ್ತದೆ. ಗಂಡ ಹೆಂಡತಿಯ ನಂಟು ತೀರ್ಪಿನೊಂದಿಗೆ ಮುಗಿಯಬಹುದು. ಮಗುವಿಗೆ ಹದಿನೆಂಟು ತುಂಬುವವರೆಗೆ ಅಪ್ಪ ಅಮ್ಮ ಎಂಬ ಹೊಣೆ ಇಬ್ಬರ ಮೇಲೂ ಉಳಿಯುತ್ತದೆ.