ತೀರ್ಪುಗಾರನಿಗೆ ಅಶೋಕನ ಪಾಠ

ಮಸ್ಕಿಯ ಹೆಸರು ಇತಿಹಾಸದ ಪುಟ ಸೇರಿದ್ದು 1915ರಲ್ಲಿ. ಚಿನ್ನದ ನಿಕ್ಷೇಪ ಹುಡುಕುತ್ತ ಬಂದ ಗಣಿ ಎಂಜಿನಿಯರ್ ಸಿ. ಬೀಡನ್ ಕಂಡ ಬಂಡೆಯ ಬರಹದಲ್ಲಿ ‘ದೇವಾನಂಪಿಯ’ ಎಂಬ ಬಿರುದಿನ ಜೊತೆಗೆ ‘ಅಶೋಕ’ ಎಂಬ ಹೆಸರೂ ಇತ್ತು. ಆಗ ಲಿಂಗಸುಗೂರು ತಾಲ್ಲೂಕಿಗೆ ಸೇರಿದ್ದ ಮಸ್ಕಿ ಈಗ ತಾನೇ ತಾಲ್ಲೂಕು ಕೇಂದ್ರ. ಸಿಂಧನೂರು, ಲಿಂಗಸುಗೂರು ಸೀಮೆಯವರಿಗೆ ಇದೆಲ್ಲ ಗೊತ್ತಿರುವ ಸಂಗತಿಯೇ. ಆದರೆ ಅದೇ ಅರಸ ತೀರ್ಪು ಕೊಡುವವರಿಗೂ ಒಂದು ಪಾಠ ಬರೆಸಿದ್ದಾನೆ. ಅದು ನಮ್ಮ ಕಬಡ್ಡಿ ಅಂಗಳಕ್ಕೂ ಸಲ್ಲುತ್ತದೆ.

ಕಬಡ್ಡಿಯಲ್ಲಿ ದಾಳಿಗಾರನ ಬಾಯಿ ಮುಚ್ಚುವಂತಿಲ್ಲ. ಬಟ್ಟೆ, ಕೂದಲು ಹಿಡಿಯುವಂತಿಲ್ಲ. ಬೇಕೆಂದೇ ಗೆರೆಯಾಚೆ ತಳ್ಳುವಂತಿಲ್ಲ. ನಿಯಮವೇನೋ ಸ್ಪಷ್ಟ. ಆದರೆ ತಳ್ಳಿದರೋ, ಹಿಡಿತದ ರಭಸಕ್ಕೆ ತಾನೇ ಹೊರಬಿದ್ದನೋ ಎಂಬುದನ್ನು ಅಂಪೈರ್ ಕಣ್ಣು ಮಿಟುಕಿಸುವುದರೊಳಗೆ ಹೇಳಬೇಕು. ಮೊದಲರ್ಧದಲ್ಲಿ ತಪ್ಪೆನಿಸಿದ್ದು ಎರಡನೆಯ ಅರ್ಧದಲ್ಲಿ ಸರಿಯೆನಿಸಿದರೆ ಜಗಳ ಏಳದೆ ಇದ್ದೀತೆ?

ಈ ತೊಡಕು ನಮ್ಮದಷ್ಟೇ ಅಲ್ಲ. ಅಮೆರಿಕದವರ ಫುಟ್‌ಬಾಲಿನಲ್ಲಿ ಎಸೆದ ಚೆಂಡು ಗಾಳಿಯಲ್ಲಿರುವಾಗ ಅದನ್ನು ಹಿಡಿಯಹೊರಟವನಿಗೆ ಮೈತಾಗಿಸಿ ಅಡ್ಡಿ ಮಾಡುವುದು ಅಪರಾಧ. ಎಷ್ಟು ತಾಗಿದರೆ ಅಡ್ಡಿ ಎಂಬುದರಲ್ಲಿ ಕಾಲೇಜು ಪಂದ್ಯಗಳಿಂದ ವೃತ್ತಿಪರ ಲೀಗ್‌ವರೆಗೆ ತಕರಾರು ತಪ್ಪಿದ್ದಲ್ಲ. 2019ರ ಜನವರಿಯ ಪ್ರಮುಖ ಪಂದ್ಯವೊಂದರಲ್ಲಿ ಎದ್ದುಕಾಣುವ ಅಡ್ಡಿಗೆ ದಂಡ ಬೀಳದೆ ಹೋದಾಗ ವೃತ್ತಿಪರ ಲೀಗ್ ವಿಡಿಯೊ ಪರಿಶೀಲನೆ ತಂದಿತು. ಒಂದೇ ಋತುವಿಗೆ ಅದನ್ನು ಕೈಬಿಟ್ಟಿತು. ಚಿತ್ರ ಒಂದೇ ಆದರೂ ನೋಡುವ ಕಣ್ಣುಗಳು ಬೇರೆ ಬೇರೆ!

ಕಬಡ್ಡಿಗೂ ಇಂಥ ದಿನ ಬಂತು. 2023ರ ಅಕ್ಟೋಬರ್ 7ರಂದು ಚೀನಾದ ಹಾಂಗ್‌ಝೌನಲ್ಲಿ ಏಷ್ಯನ್ ಕ್ರೀಡಾಕೂಟದ ಪುರುಷರ ಫೈನಲ್. ಭಾರತ, ಇರಾನ್ 28–28ರಲ್ಲಿ ಸಮ. ಭಾರತದ ಪವನ್ ಸೆಹ್ರಾವತ್ ಯಾರನ್ನೂ ಮುಟ್ಟದೆ ಅಂಗಳದಿಂದ ಹೊರಬಿದ್ದರು. ಬೆನ್ನಟ್ಟಿದ ಇರಾನಿನ ರಕ್ಷಕರೂ ಲಾಬಿಗೆ ಕಾಲಿಟ್ಟರು. ಹಳೆಯ ನಿಯಮದಂತೆ ಆ ರಕ್ಷಕರೂ ಔಟ್. ಹೊಸದರಂತೆ ದಾಳಿಗಾರ ಮಾತ್ರ. ತೀರ್ಪು ಬದಲಾಯಿತು, ಮತ್ತೆ ಬದಲಾಯಿತು. ಪಂದ್ಯ ಸುಮಾರು ಒಂದು ಗಂಟೆ ನಿಂತಿತು. ಕೊನೆಗೆ ಭಾರತ 33–29ರಿಂದ ಗೆದ್ದಿತು. ಚಿನ್ನ ಬಂತು, ಆದರೆ ವಾದ ಮುಗಿಯಲಿಲ್ಲ. ಯಾವ ನಿಯಮ ಎಂಬುದು ಎಲ್ಲರಿಗೂ ಮೊದಲೇ ಖಚಿತವಾಗಿದ್ದರೆ ಗೆದ್ದವರಿಗೂ ಸೋತವರಿಗೂ ಆ ಮುಜುಗರ ಇರುತ್ತಿರಲಿಲ್ಲ.

ಈಗ ಅಶೋಕನ ಪಾಠಕ್ಕೆ ಬರೋಣ. ಒಡಿಶಾದ ಧೌಲಿ, ಜೌಗಡಗಳಲ್ಲಿರುವ ಅವನ ಪ್ರತ್ಯೇಕ ಶಾಸನಗಳು ಕರ್ನಾಟಕದಲ್ಲೂ ಉಂಟು. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಕಾಳಿಕಾ ವಿಗ್ರಹದ ಪೀಠವಾಗಿದ್ದ ಕಲ್ಲಿನ ಮೇಲೆ ಅವು 1986ರಲ್ಲಿ ಬೆಳಕಿಗೆ ಬಂದವು. ಧೌಲಿಯ ಪಾಠದಲ್ಲಿ ಅರಸ ನಗರದ ನ್ಯಾಯಾಧಿಕಾರಿಗಳಿಗೆ ಹೇಳುವುದಿಷ್ಟು: ಹೊಟ್ಟೆಕಿಚ್ಚು, ಕೋಪ, ಕ್ರೌರ್ಯ, ಆತುರ, ಅಭ್ಯಾಸವಿಲ್ಲದಿರುವಿಕೆ, ಸೋಮಾರಿತನ, ದಣಿವು ಇವು ಇದ್ದಲ್ಲಿ ಸಮನಾದ ನ್ಯಾಯ ನಡೆಯದು. ಅವರ ಕೆಲಸ ನೋಡಲು ಐದು ವರ್ಷಕ್ಕೊಮ್ಮೆ ಮೃದು ಸ್ವಭಾವದ ಅಧಿಕಾರಿಯನ್ನು ಪ್ರವಾಸಕ್ಕೆ ಕಳುಹಿಸುವುದಾಗಿಯೂ, ಶಾಸನವನ್ನು ತಿಷ್ಯ ನಕ್ಷತ್ರದ ದಿನ ಎಲ್ಲರಿಗೂ ಓದಿ ಹೇಳಬೇಕೆಂದೂ ಅಲ್ಲಿದೆ. ಸ್ತಂಭಶಾಸನವೊಂದರಲ್ಲಿ ವಿಚಾರಣೆಯಲ್ಲೂ ದಂಡನೆಯಲ್ಲೂ ‘ಸಮತೆ’ ಇರಬೇಕೆಂದಿದ್ದಾನೆ.

ಬಿಸಿಲಿನಲ್ಲಿ ದಿನಕ್ಕೆ ಹಲವು ಪಂದ್ಯ ನಡೆಸುವ ಅಂಪೈರ್‌ಗೆ ದಣಿವೂ ಆತುರವೂ ಸಹಜ. ಅದನ್ನು ದುರುದ್ದೇಶವೆಂದು ಬಗೆಯುವುದು ನಮ್ಮ ಚಟ. ಆದರೆ ಅಶೋಕ ಕಂಡಂತೆ ಪಕ್ಷಪಾತದಷ್ಟೇ ಹಾನಿ ದಣಿವಿನಿಂದಲೂ ಆಗುತ್ತದೆ. ಅಂಪೈರ್‌ಗೆ ವಿರಾಮ ಕೊಟ್ಟು, ಪಂದ್ಯಕ್ಕೆ ಮುನ್ನ ಎರಡೂ ತಂಡಗಳ ಮುಂದೆ ನಿಯಮ ಓದಿ, ಮೊದಲ ದಾಳಿಯಿಂದ ಕೊನೆಯದರವರೆಗೆ ಅದನ್ನೇ ಪಾಲಿಸಿದರೆ ಅರ್ಧ ಜಗಳ ಕಡಿಮೆಯಾದೀತು. ಸೋತ ಹುಡುಗ ತೀರ್ಪನ್ನು ಒಪ್ಪಿ ಮನೆಗೆ ಹೋಗಬೇಕಾದರೆ, ಎದುರಾಳಿಗೂ ಅದೇ ಅಳತೆಗೋಲು ಎಂಬ ನಂಬಿಕೆ ಅವನಿಗಿರಬೇಕು.