ವಾರಾನ್ನದಿಂದ ಬಿಸಿಯೂಟಕ್ಕೆ

ಕರ್ನಾಟಕದ ಶಾಲಾ ಮಕ್ಕಳ ಊಟದ ಇತಿಹಾಸವನ್ನು 2002ರ ಅಕ್ಷರ ದಾಸೋಹ ಯೋಜನೆಯಿಂದ ಆರಂಭಿಸುವುದು ರೂಢಿಯಾಗಿದ್ದರೂ, ಓದುವ ಮಗುವಿನ ಹಸಿವಿನ ಹೊಣೆಯನ್ನು ಮನೆಯಾಚೆಗಿನ ಸಮಾಜ ಹೊತ್ತುಕೊಂಡ ಕಥೆ ಅದಕ್ಕಿಂತ ಬಹಳ ಹಳೆಯದು. ಬಡ ವಿದ್ಯಾರ್ಥಿ ವಾರದ ಏಳು ದಿನಗಳಿಗೆ ಏಳು ಮನೆಗಳನ್ನು ಗೊತ್ತುಮಾಡಿಕೊಂಡು, ಆಯಾ ದಿನ ಆಯಾ ಮನೆಯಲ್ಲಿ ಉಣ್ಣುತ್ತಿದ್ದ ಪದ್ಧತಿಗೆ ವಾರಾನ್ನವೆಂದು ಹೆಸರು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಪೇಟೆಯ ಹೈಸ್ಕೂಲು ಸೇರಿದ ಎಷ್ಟೋ ಹಳ್ಳಿಯ ಹುಡುಗರು ಓದು ಮುಗಿಸಿದ್ದು ಈ ಆಸರೆಯಿಂದಲೇ. ಆದರೆ ವಾರಾನ್ನ ಜಾತಿಯ ಹೊಸ್ತಿಲನ್ನು ದಾಟಲಿಲ್ಲ. ಉಣ್ಣುವವನೂ ಬಡಿಸುವವರೂ ಬಹುಮಟ್ಟಿಗೆ ಒಂದೇ ಜಾತಿಯವರಾಗಿದ್ದರು, ಹೆಣ್ಣುಮಕ್ಕಳಿಗಂತೂ ಅದರಲ್ಲಿ ಎಡೆಯೇ ಇರಲಿಲ್ಲ.

ಈ ಕೊರತೆಯನ್ನು ಒಂದಿಷ್ಟಾದರೂ ತುಂಬಿದವು ಮಠಗಳ ಹಾಗೂ ಸಮುದಾಯ ಸಂಸ್ಥೆಗಳ ಉಚಿತ ವಿದ್ಯಾರ್ಥಿ ನಿಲಯಗಳು. ದುಡಿದದ್ದನ್ನು ಹಂಚಿ ಉಣ್ಣಬೇಕೆಂಬ ಶರಣರ ದಾಸೋಹದ ತತ್ವ ಇವುಗಳಲ್ಲಿ ಸಂಸ್ಥೆಯ ರೂಪ ಪಡೆಯಿತು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಶಿವಕುಮಾರ ಸ್ವಾಮೀಜಿಯವರ ಕಾಲದಲ್ಲಿ ಸಾವಿರಾರು ಮಕ್ಕಳು ಜಾತಿಯ ವಿಚಾರಣೆಯಿಲ್ಲದೆ ಒಂದೇ ಪಂಕ್ತಿಯಲ್ಲಿ ಕುಳಿತು ರಾಗಿಮುದ್ದೆ, ಸಾರು, ಅನ್ನ ಉಂಡರು. ಮುಂದಿನ ಸರ್ಕಾರಿ ಯೋಜನೆಗಳು ಬಹುಕಾಲ ಮರೆತ ಒಂದು ಸಂಗತಿ ಇಲ್ಲಿ ಸಹಜವಾಗಿಯೇ ನೆರವೇರಿತ್ತು: ಮಕ್ಕಳು ಉಣ್ಣುತ್ತಿದ್ದುದು ಆ ಸೀಮೆಯ ಹೊಲದಲ್ಲಿ ಬೆಳೆದ ಧಾನ್ಯವನ್ನು.

ಆಡಳಿತ ಸಂಸ್ಥೆಯೊಂದು ತನ್ನ ಹಣದಿಂದ ಶಾಲೆಯಲ್ಲಿ ತಿಂಡಿ ಕೊಟ್ಟ ಮೊದಲ ಪ್ರಯತ್ನಗಳಲ್ಲಿ ಮದರಾಸು ನಗರಸಭೆಯದು ಮುಖ್ಯವಾದುದು. ಜಸ್ಟೀಸ್ ಪಕ್ಷದ ಪಿ. ತ್ಯಾಗರಾಯ ಚೆಟ್ಟಿಯವರ ಮುಂದಾಳತ್ವದಲ್ಲಿ 1920ರಲ್ಲಿ ಥೌಸಂಡ್ ಲೈಟ್ಸ್ ಬಡಾವಣೆಯ ಶಾಲೆಯಲ್ಲಿ, ಮಗುವೊಂದಕ್ಕೆ ದಿನಕ್ಕೆ ಒಂದಾಣೆ ಮೀರದ ವೆಚ್ಚದಲ್ಲಿ ಉಪಾಹಾರ ನೀಡಲು ಅನುಮತಿ ದೊರೆಯಿತು. 1925ರ ಹೊತ್ತಿಗೆ ಅದು ನಿಂತುಹೋಯಿತು. ದಕ್ಷಿಣ ಕನ್ನಡವೂ ಬಳ್ಳಾರಿಯೂ ಅಂದು ಅದೇ ಮದರಾಸು ಪ್ರಾಂತ್ಯಕ್ಕೆ ಸೇರಿದ್ದರೂ ಆ ತಿಂಡಿ ನಗರದ ಗಡಿ ದಾಟಿ ಅಲ್ಲಿಯವರೆಗೆ ಬರಲಿಲ್ಲ.

ಕನ್ನಡದ ಹಳ್ಳಿಶಾಲೆಗಳಿಗೆ ವ್ಯಾಪಕವಾಗಿ ಬಂದ ಮೊದಲ ಊಟದ ಮೂಲ ಹಡಗಿನಲ್ಲಿತ್ತು. ಅಮೆರಿಕ ತನ್ನಲ್ಲಿ ಮಿಕ್ಕ ಧಾನ್ಯವನ್ನು ಹೊರದೇಶಗಳಿಗೆ ಕಳುಹಿಸಲು 1954ರಲ್ಲಿ ಮಾಡಿದ ಕಾನೂನನ್ನು ಪಿ.ಎಲ್. 480 ಎಂದು ಕರೆಯುತ್ತಾರೆ. ಯುದ್ಧದಿಂದ ನೊಂದ ಯುರೋಪಿನ ಪರಿಹಾರಕ್ಕಾಗಿ 1945ರಲ್ಲಿ ಹುಟ್ಟಿದ್ದ ಕೇರ್ ಸಂಸ್ಥೆ ಅಂಥ ಧಾನ್ಯ, ಹಾಲಿನ ಪುಡಿ, ಅಡುಗೆ ಎಣ್ಣೆಗಳನ್ನು ಭಾರತದ ಶಾಲೆಗಳಿಗೂ ತಲುಪಿಸಿತು. ಶಾಲೆಯ ಹಿಂಬದಿಯಲ್ಲಿ ಮೂರು ಕಲ್ಲಿನ ಒಲೆ ಹೂಡಿ, ಡಬ್ಬಿಯ ಎಣ್ಣೆ ಕಾಯಿಸಿ, ಹಳದಿ ಬಣ್ಣದ ರವೆಯನ್ನು ಕುದಿವ ನೀರಿಗೆ ಸುರಿದು ತಿರುವಿದ ಉಪ್ಪಿಟ್ಟನ್ನು, ಕರಾವಳಿಯವರು ಸಜ್ಜಿಗೆಯೆಂದು ಕರೆದ ಅದೇ ತಿಂಡಿಯನ್ನು, ಮಕ್ಕಳು ಮನೆಯಿಂದ ತಂದ ತಟ್ಟೆಯಲ್ಲೋ ಬಾಳೆಲೆಯ ತುಂಡಿನಲ್ಲೋ ಹಾಕಿಸಿಕೊಳ್ಳುತ್ತಿದ್ದರು. ಹಲವರಿಗೆ ಅದು ದಿನದ ಗಟ್ಟಿ ಊಟವಾಗಿತ್ತು ಎಂಬುದನ್ನು ಮರೆಯದೆಯೇ ಹೇಳಬೇಕಾದ ಮಾತೆಂದರೆ, ಅದರ ಪ್ರಮಾಣವನ್ನೂ ಬಗೆಯನ್ನೂ ನಿರ್ಧರಿಸಿದ್ದು ಮಗುವಿನ ದೇಹದ ಅಗತ್ಯಕ್ಕಿಂತ ಹೆಚ್ಚಾಗಿ ದೂರದ ದೇಶದ ಉಗ್ರಾಣ. ಇದೇ ಕಾಲದಲ್ಲಿ ಇನ್ನೊಂದು ದಾರಿಯೂ ಮೈಸೂರಿನಲ್ಲಿಯೇ ತೆರೆದಿತ್ತು. 1950ರಲ್ಲಿ ಚೆಲುವಾಂಬ ವಿಲಾಸದಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ, ಅಂದರೆ ಜನರ ಬಾಯಲ್ಲಿನ ಸಿಎಫ್‌ಟಿಆರ್‌ಐ, ಎಣ್ಣೆ ತೆಗೆದ ಕಡಲೆಕಾಯಿಯ ಹಿಟ್ಟು ಮೂರು ಪಾಲು, ಕಡಲೆ ಹಿಟ್ಟು ಒಂದು ಪಾಲು ಬೆರೆಸಿ, ಜೀವಸತ್ವ ಮತ್ತು ಸುಣ್ಣಾಂಶಗಳನ್ನು ಕೂಡಿಸಿ ಅಗ್ಗದ ಪೌಷ್ಟಿಕ ಪುಡಿಯೊಂದನ್ನು ಸಿದ್ಧಪಡಿಸಿತು. ಬಯಲುಸೀಮೆಯ ಬೆಳೆಯಿಂದಲೇ ಪ್ರೋಟೀನ್ ಒದಗಿಸಬಹುದೆಂದು ತೋರಿಸಿದ ಈ ಕೆಲಸ ಶಾಲೆಯ ಒಲೆಯವರೆಗೆ ಗಟ್ಟಿಯಾಗಿ ತಲುಪದೇ ಹೋದದ್ದು ಈ ಇತಿಹಾಸದ ದೊಡ್ಡ ನಷ್ಟ.

1995ರ ಆಗಸ್ಟ್ 15ರಂದು ಕೇಂದ್ರ ಸರ್ಕಾರ ಪ್ರಾಥಮಿಕ ಶಾಲೆಗಳಿಗೆ ರಾಷ್ಟ್ರಮಟ್ಟದ ಪೌಷ್ಟಿಕ ಆಹಾರ ಯೋಜನೆಯನ್ನು ಆರಂಭಿಸಿತಾದರೂ, ಕರ್ನಾಟಕವೂ ಸೇರಿದಂತೆ ಹೆಚ್ಚಿನ ರಾಜ್ಯಗಳು ಬೇಯಿಸಿ ಬಡಿಸುವ ಬದಲು ತಿಂಗಳಿಗೆ 3 ಕಿಲೋ ಧಾನ್ಯವನ್ನು ಚೀಲದಲ್ಲಿ ಕೊಟ್ಟು ಕಳುಹಿಸಿದವು. ಮನೆಗೆ ಹೋದ ಅಕ್ಕಿ ಇಡೀ ಸಂಸಾರದ ಮಡಕೆಗೆ ಬೀಳುತ್ತಿತ್ತು. ಮಧ್ಯಾಹ್ನದ ತರಗತಿಯಲ್ಲಿ ಮಗು ಹಸಿದೇ ಕೂರುತ್ತಿತ್ತು. ಪಿಯುಸಿಎಲ್ ಸಂಘಟನೆ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2001ರ ನವೆಂಬರ್ 28ರಂದು, ವರ್ಷಕ್ಕೆ ಕನಿಷ್ಠ 200 ದಿನ, ಕನಿಷ್ಠ 300 ಕ್ಯಾಲೊರಿ ಶಕ್ತಿ ಮತ್ತು 8ರಿಂದ 12 ಗ್ರಾಂ ಪ್ರೋಟೀನ್ ಇರುವ ಬೇಯಿಸಿದ ಊಟವನ್ನೇ ಕೊಡಬೇಕೆಂದು ಆದೇಶಿಸಿದ ಮೇಲೆ ಸ್ಥಿತಿ ಬದಲಾಯಿತು. ಕರ್ನಾಟಕದಲ್ಲಿ ಅಕ್ಷರ ದಾಸೋಹ 2002–03ರಲ್ಲಿ ಈಶಾನ್ಯ ಭಾಗದ 7 ಜಿಲ್ಲೆಗಳಲ್ಲಿ ಆರಂಭವಾಗಿ, ಮರುವರ್ಷ ಉಳಿದ ಜಿಲ್ಲೆಗಳಿಗೂ, 2007–08ರಲ್ಲಿ ಹತ್ತನೆಯ ತರಗತಿಯವರೆಗೂ ಹಬ್ಬಿತು. ಜನ ಅದನ್ನು ಬಿಸಿಯೂಟವೆಂದು ಕರೆದರು. ಅಡುಗೆಯವರ ನೇಮಕದಲ್ಲಿ ದಲಿತರಿಗೆ ಆದ್ಯತೆ ನೀಡಬೇಕೆಂದು ಅದೇ ನ್ಯಾಯಾಲಯ 2004ರಲ್ಲಿ ಹೇಳಿದ್ದು ಅಷ್ಟೇ ಮಹತ್ವದ ಮಾತು. ದಲಿತ ಮಹಿಳೆ ಬೇಯಿಸಿದ್ದನ್ನು ಮಕ್ಕಳು ಉಣ್ಣಬಾರದೆಂದು ತಡೆದ ಪೋಷಕರ ಸುದ್ದಿಗಳು ಆ ಬಳಿಕವೂ ಕೇಳಿಬಂದಿರುವುದರಿಂದ, ಸಹಪಂಕ್ತಿಯ ಪಾಠ ಇನ್ನೂ ಮುಗಿದಿಲ್ಲವೆಂದೇ ತಿಳಿಯಬೇಕು.

2013ರ ಆಗಸ್ಟ್ 1ರಂದು ಬಂದ ಕ್ಷೀರ ಭಾಗ್ಯ ಯೋಜನೆಯ ಹಿಂದೆಯೂ ಮಿಕ್ಕ ಸರಕಿನ ಒತ್ತಡವಿತ್ತು. ಹಾಲು ಒಕ್ಕೂಟಗಳಲ್ಲಿ ಹಾಲು ಬೇಡಿಕೆಯನ್ನು ಮೀರುತ್ತಿದ್ದ ದಿನಗಳವು. ಆದರೆ ಈ ಬಾರಿ ಮಿಕ್ಕದ್ದು ಅದೇ ನಾಡಿನ ರೈತರ ಹಾಲು. ಮಗುವಿಗೆ 18 ಗ್ರಾಂನಂತೆ ಕೆನೆಭರಿತ ಹಾಲಿನ ಪುಡಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಗಂಟು ಒಡೆಯುವಂತೆ ಕಲಸಿ, ಸಕ್ಕರೆ ಹಾಕಿ ಕಾಯಿಸಿದರೆ 150 ಮಿಲಿಲೀಟರ್ ಹಾಲಾಗುತ್ತದೆ. ಪ್ರಾರ್ಥನೆಯ ಹೊತ್ತಿಗೆ ಮಕ್ಕಳು ಲೋಟ ಹಿಡಿದು ಸಾಲು ನಿಲ್ಲುತ್ತಾರೆ. 2024ರ ಫೆಬ್ರುವರಿಯಿಂದ ವಾರದಲ್ಲಿ ಮೂರು ದಿನ ಆ ಹಾಲಿಗೆ ರಾಗಿ ಮಾಲ್ಟ್ ಕೂಡ ಬೆರೆಯತೊಡಗಿತು. ಮೊಟ್ಟೆಯ ದಾರಿ ಇಷ್ಟು ಸಲೀಸಾಗಿರಲಿಲ್ಲ. 2021ರ ಕೊನೆಯಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ ಕೊಡಲಾರಂಭಿಸಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ತಿನ್ನದವರಿಗೆ ಬಾಳೆಹಣ್ಣಿನ ಆಯ್ಕೆ ಇದ್ದುದರಿಂದ, ಬೇಕೆಂದ ಮಕ್ಕಳ ತಟ್ಟೆಯಿಂದ ಅದನ್ನು ಕಸಿಯುವ ವಾದಕ್ಕೆ ನ್ಯಾಯವಿರಲಿಲ್ಲ. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ವಾರಕ್ಕೆ ಆರು ದಿನ ಮೊಟ್ಟೆ ಕೊಡುವ ಏರ್ಪಾಡಾಯಿತು.

ಶಾಲೆಯಲ್ಲಿ ಉಂಡದ್ದು ಹೊಟ್ಟೆಯನ್ನಷ್ಟೇ ತುಂಬುವುದಿಲ್ಲ, ನಾಲಿಗೆಯನ್ನೂ ಪಳಗಿಸುತ್ತದೆ. ಉಪ್ಪು, ಸಕ್ಕರೆ, ಕೊಬ್ಬು ಹೆಚ್ಚಿರುವ ತಿನಿಸುಗಳನ್ನು ಶಾಲೆಯ ಆವರಣದಲ್ಲಿಯೂ ಅದರ ಸುತ್ತ 50 ಮೀಟರ್ ಒಳಗೂ ಮಾರಬಾರದೆಂದು 2020ರ ಆಹಾರ ಸುರಕ್ಷತಾ ನಿಯಮ ಹೇಳುತ್ತದೆ. ಆದರೆ ಬೇಡವೆನ್ನುವ ನಿಯಮಕ್ಕಿಂತ ಬೇಕೆನಿಸುವ ತಟ್ಟೆಗೆ ಬಲ ಹೆಚ್ಚು. ಭಾರತದಲ್ಲಿ ಅತಿ ಹೆಚ್ಚು ರಾಗಿ ಬೆಳೆಯುವ ರಾಜ್ಯ ಕರ್ನಾಟಕವೇ ಆಗಿದ್ದು, ಅಕ್ಕಿಗಿಂತ ಹಲವು ಪಟ್ಟು ಸುಣ್ಣಾಂಶವುಳ್ಳ ಆ ಧಾನ್ಯ ಲೋಟದ ಮಾಲ್ಟಿಗೆ ಸೀಮಿತವಾಗಿ, ಮಧ್ಯಾಹ್ನದ ಊಟದಲ್ಲಿ ಇಂದಿಗೂ ಅಕ್ಕಿಯದೇ ಮೇಲುಗೈಯಾಗಿದೆ. ಹಳೆ ಮೈಸೂರಿನ ಶಾಲೆಗಳಲ್ಲಿ ವಾರಕ್ಕೆ ಎರಡು ದಿನವಾದರೂ ಮುದ್ದೆ, ಉತ್ತರದ ಜಿಲ್ಲೆಗಳಲ್ಲಿ ಜೋಳದ ರೊಟ್ಟಿ ಬಡಿಸಬೇಕು. ಅದಕ್ಕೆ ಬೇಕಾಗುವ ಹೆಚ್ಚಿನ ಕೈಗಳನ್ನೂ, ಆ ಕೈಗಳಿಗೆ ತಕ್ಕ ಕೂಲಿಯನ್ನೂ ಸರ್ಕಾರ ಒದಗಿಸಬೇಕು.